ಜವಳಿ ತೆಗೆಯುವ ಮನಸ್ಸು

ಬೆಂಗಳೂರಿನ ಚಿಕ್ಕಪೇಟೆಯಲ್ಲಾಗಲಿ, ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಾಗಲಿ, ಹುಬ್ಬಳ್ಳಿಯ ದುರ್ಗದಬೈಲಿನ ಆಸುಪಾಸಿನಲ್ಲಾಗಲಿ, ಲಗ್ನಗಳ ಕಾಲದಲ್ಲಿ ಒಂದು ಅಪರಾಹ್ನ ಯಾವುದಾದರೊಂದು ದೊಡ್ಡ ಜವಳಿ ಅಂಗಡಿಯನ್ನು ಹೊಕ್ಕವರಿಗೆ, ಅಲ್ಲಿ ನೆರೆದಿರುವ ಜನ ಎರಡು ಪಂಗಡಗಳಾಗಿ ಹಂಚಿಹೋಗಿರುವುದು ಮೊದಲ ನೋಟಕ್ಕೇ ಗೋಚರವಾಗುತ್ತದೆ. ಒಂದು ಪಂಗಡವು ಪಾದರಕ್ಷೆಗಳನ್ನು ಹೊರಗೆ ಬಿಟ್ಟು, ಬಿಳಿಯ ಹೊದಿಕೆ ಹಾಸಿದ ಗಾದಿಯ ಅಂಚಿಗೆ ಒತ್ತಾಗಿ ಕುಳಿತು, ಎದುರಿಗೆ ಒಂದರ ಮೇಲೊಂದಾಗಿ ಬಿಚ್ಚಿ ಬೀಳುತ್ತಿರುವ ಸೀರೆಗಳ ರಾಶಿಯಲ್ಲಿ ಕಣ್ಣನ್ನೂ ಕೈಯನ್ನೂ ಮುಳುಗಿಸಿ, ಹೊತ್ತು ಹೋದುದರ ಪರಿವೆಯಿಲ್ಲದೆ ಮಗ್ನವಾಗಿರುತ್ತದೆ. ಇನ್ನೊಂದು ಪಂಗಡವು ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ, ಮಡಿಲಲ್ಲಿ ನಿದ್ದೆಹೋದ ಮಗುವನ್ನೋ ಮೊದಲೇ ಕೊಂಡ ಸಾಮಾನುಗಳ ಚೀಲವನ್ನೋ ಇಟ್ಟುಕೊಂಡು, ಅಂಗಡಿಯವರು ಕೊಟ್ಟ ಕಾಫಿಯನ್ನು ಕುಡಿದು ಮುಗಿಸಿ, ಮೊಬೈಲಿನ ಪರದೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತ, ‘ಇನ್ನೂ ಆಗಲಿಲ್ಲವೆ?’ ಎಂಬ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲದೆ ಮುಖದಲ್ಲಿಯೇ ತೋರಿಸಿಕೊಂಡು ಕುಳಿತಿರುತ್ತದೆ. ಮೊದಲನೆಯದರಲ್ಲಿ ಹೆಂಗಸರೂ ಎರಡನೆಯದರಲ್ಲಿ ಗಂಡಸರೂ ಹೆಚ್ಚೆಂಬುದನ್ನು ಕಂಡು, ಬಟ್ಟೆ ಕೊಳ್ಳುವುದು ಸ್ತ್ರೀಸ್ವಭಾವಕ್ಕೆ ಪ್ರಿಯವಾದುದೆಂದೂ ಪುರುಷಸ್ವಭಾವಕ್ಕೆ ವಿರುದ್ಧವಾದುದೆಂದೂ ತೀರ್ಮಾನಿಸಿಬಿಡುವುದು ನಮ್ಮಲ್ಲಿ ವಾಡಿಕೆಯಾಗಿದೆ. ಪತ್ರಿಕೆಗಳ ನಗೆಹನಿಗಳು ಈ ಒಂದು ತೀರ್ಮಾನದ ಮೇಲೆಯೇ ಎಷ್ಟೋ ಕಾಲದಿಂದ ಹೊಟ್ಟೆ ಹೊರೆದುಕೊಂಡು ಬಂದಿವೆ.

ನನಗೆ ಈ ತೀರ್ಮಾನ ಒಪ್ಪಿಗೆಯಾಗುವುದಿಲ್ಲ. ಬಾಗಿಲ ಬಳಿ ಬೇಸತ್ತು ಕುಳಿತಿರುವ ಅದೇ ಮಹನೀಯರನ್ನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕರೆದೊಯ್ದು ಬಿಟ್ಟರೆ, ಹಳ್ಳಿಯ ಸಂಬಂಧ ಇನ್ನೂ ಕಡಿದುಹೋಗದವರಾದ ಪಕ್ಷದಲ್ಲಿ, ಒಂದು ಜೊತೆ ಹಳ್ಳಿಕಾರ್ ಹೋರಿಗಳ ಹಲ್ಲು ಹಿಡಿದು ನೋಡಿ, ಸುಳಿ ಪರೀಕ್ಷಿಸಿ, ನಡಿಗೆ ಗಮನಿಸಿ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸಿ, ಇಡೀ ಹಗಲನ್ನು ಅಲ್ಲಿಯೇ ಕಳೆದು, ಕೊನೆಗೆ ಬರಿಗೈಯಲ್ಲಿ ಹಿಂತಿರುಗಿದರೂ ಹೊತ್ತು ವ್ಯರ್ಥವಾಯಿತೆಂದು ಕೊರಗುವುದಿಲ್ಲ. ತಾಳ್ಮೆ ಅವರಲ್ಲಿ ಯಥೇಷ್ಟವಾಗಿಯೇ ಇದೆ. ಬಟ್ಟೆಯ ವಿದ್ಯೆ ಮಾತ್ರ ಅವರಿಗೆ ಯಾರೂ ಕಲಿಸಿದುದಿಲ್ಲ. ಬಲ್ಲವನಿಗೆ ನೋಡುವುದೇ ಒಂದು ಸುಖ, ಅರಿಯದವನಿಗೆ ಆರಿಸುವುದು ಒಂದು ಶಿಕ್ಷೆ. ಬಟ್ಟೆ ಕೊಳ್ಳುವ ವಿಷಯದಲ್ಲಿ ಜನಜನರ ಮನೋಭಾವಗಳು ಬೇರೆ ಬೇರೆಯಾಗಿ ಕಾಣುವುದಕ್ಕೆ ಲಿಂಗಭೇದಕ್ಕಿಂತ, ಸಿರಿತನ ಬಡತನಗಳಿಗಿಂತ, ಈ ಅರಿವಿನ ಭೇದವೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಹಿಂದಿನ ತಲೆಮಾರಿನವರಲ್ಲಿ ಈ ಅರಿವು ಮನೆಯ ಆಸ್ತಿಯಾಗಿದ್ದಿತು. ಜವಳಿ ತೆಗೆಯುವುದೆಂದರೆ ಆಗ ಒಬ್ಬ ವ್ಯಕ್ತಿ ತನಗೆ ಬೇಕಾದ ಉಡುಪನ್ನು ಕೊಂಡುತರುವ ಖಾಸಗಿ ವ್ಯಾಪಾರವಾಗಿರಲಿಲ್ಲ. ಅದು ಲಗ್ನನಿಶ್ಚಯದ ಅನಂತರ ಒಳ್ಳೆಯ ದಿನ ನೋಡಿ, ಎರಡು ಕಡೆಯ ಹಿರಿಯರೂ ಕೂಡಿ, ಬೆಳಗಿನ ತಿಂಡಿ ಮುಗಿಸಿಕೊಂಡು ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದ ಒಂದು ಕೌಟುಂಬಿಕ ಕಾರ್ಯವಾಗಿದ್ದಿತು. ಧಾರೆಯ ಸೀರೆ, ಬೀಗಿತ್ತಿಯ ಸೀರೆ, ಸೋದರತ್ತೆಗೆ ಕೊಡಬೇಕಾದುದು, ಸೋದರಮಾವನಿಗೆ ಪಂಚೆ ಶಲ್ಯ, ಪುರೋಹಿತರಿಗೆ, ಓಲಗದವರಿಗೆ, ಅಡಿಗೆಯವರಿಗೆ, ಮನೆಗೆಲಸದವಳಿಗೆ ಎಂದು ಪಟ್ಟಿ ಮೊದಲೇ ಸಿದ್ಧವಾಗಿರುತ್ತಿದ್ದು, ಯಾರ ಸೀರೆಯ ಬೆಲೆ ಯಾರ ಸೀರೆಯ ಬೆಲೆಗಿಂತ ಕಡಿಮೆಯಾಗಬಾರದು, ಯಾರದಕ್ಕಿಂತ ಹೆಚ್ಚಾಗಲೂಬಾರದು ಎಂಬ ಸೂಕ್ಷ್ಮ ಗಣಿತವು ಮನೆಯ ಹಿರಿಯ ಮುತ್ತೈದೆಯೊಬ್ಬರ ತಲೆಯಲ್ಲಿ, ಕಾಗದ ಪೆನ್ಸಿಲುಗಳ ಸಹಾಯವಿಲ್ಲದೆಯೇ, ಇತ್ಯರ್ಥವಾಗಿರುತ್ತಿದ್ದಿತು. ಮದುವಣಗಿತ್ತಿಯ ಇಷ್ಟಾನಿಷ್ಟಗಳನ್ನು ಕೇಳುತ್ತಿದ್ದುದು ಎಲ್ಲಕ್ಕಿಂತ ಕೊನೆಯಲ್ಲಿ. ಕೆಲವು ಮನೆಗಳಲ್ಲಿ ಅದನ್ನೂ ಕೇಳುತ್ತಿರಲಿಲ್ಲ. ಇಂದಿನ ದೃಷ್ಟಿಯಿಂದ ಇದು ಅನ್ಯಾಯವೇ ಸರಿ. ಆದರೆ ಆ ವ್ಯವಸ್ಥೆಯಲ್ಲಿ ಆಯ್ಕೆಯ ಭಾರ ಒಬ್ಬರ ತಲೆಯ ಮೇಲೆಯೇ ಬೀಳುತ್ತಿರಲಿಲ್ಲವೆಂಬುದನ್ನೂ ಮರೆಯಲಾಗದು. ತಂದ ಸೀರೆ ಚೆನ್ನಾಗಿಲ್ಲವೆಂದು ಅನಿಸಿದರೆ ಅದು ಅತ್ತೆಯ ಆಯ್ಕೆ, ಚೆನ್ನಾಗಿದ್ದರೆ ತನ್ನ ಭಾಗ್ಯ. ಕನ್ನಡಿಯ ಮುಂದೆ ನಿಂತು ತನ್ನ ಅಭಿರುಚಿಯನ್ನು ತಾನೇ ವಿಚಾರಣೆಗೆ ಒಳಪಡಿಸಿಕೊಳ್ಳುವ ಪ್ರಸಂಗ ಯಾರಿಗೂ ಬರುತ್ತಿರಲಿಲ್ಲ.

ಮಕ್ಕಳ ಪಾಡಂತೂ ಇನ್ನೂ ಸರಳವಾಗಿದ್ದಿತು. ಯುಗಾದಿಗೋ ದೀಪಾವಳಿಗೋ ತಂದೆ ಒಂದೇ ಥಾನಿನಿಂದ ಬಟ್ಟೆ ಹರಿಸಿ ತಂದು, ಅದನ್ನು ದರ್ಜಿಯ ವಶಕ್ಕೆ ಒಪ್ಪಿಸಿ, ‘ಬೆಳೆಯುವ ಹುಡುಗರು, ಸ್ವಲ್ಪ ಧಾರಾಳವಾಗಿಯೇ ಹೊಲಿಯಪ್ಪ’ ಎಂದು ಅಪ್ಪಣೆ ಮಾಡಿದರೆ, ಹಬ್ಬದ ದಿನ ಮನೆಯ ಅಣ್ಣತಮ್ಮಂದಿರೆಲ್ಲರೂ ಒಂದೇ ಚೌಕಳಿಯ ಅಂಗಿಗಳಲ್ಲಿ, ಭುಜ ಮೊಣಕೈಗೆ ಇಳಿದಂತೆ, ಸಾಲಾಗಿ ನಿಂತು ಆರತಿ ಎತ್ತಿಸಿಕೊಳ್ಳುತ್ತಿದ್ದರು. ಉಳಿದ ಒಂದೂವರೆ ಗಜ ಕಿಟಕಿಗೆ ಪರದೆಯಾಗಿ ಬರುತ್ತಿದ್ದುದೂ ಉಂಟು. ಲಂಗದ ಅಂಚನ್ನು ಒಳಕ್ಕೆ ಮಡಿಸಿ ಹೊಲಿದು, ವರ್ಷಕ್ಕೊಂದು ಮಡಿಕೆಯಂತೆ ಬಿಚ್ಚುತ್ತ ಹೋದರೆ ಅದು ಮೂರು ವರ್ಷ ಬಾಳುತ್ತಿದ್ದಿತು. ಬಿಚ್ಚಿದ ಜಾಗದಲ್ಲಿ ಬಿಸಿಲು ಕಾಣದ ಗಾಢವಾದ ಬಣ್ಣದ ಪಟ್ಟಿಯೊಂದು, ಹುಡುಗಿ ಎಷ್ಟು ಬೆಳೆದಳೆಂಬುದಕ್ಕೆ ದಾಖಲೆಯಾಗಿ, ಎಲ್ಲರಿಗೂ ಕಾಣುವಂತೆ ಉಳಿಯುತ್ತಿದ್ದಿತು.

ಈ ಮಿತವ್ಯಯವು ಕೇವಲ ಸ್ವಭಾವದಿಂದ ಬಂದುದಲ್ಲ. ಅದರ ಹಿಂದೆ ಒಂದು ಇತಿಹಾಸವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಿರಣಿಗಳ ಬಟ್ಟೆ ಬಹುಪಾಲು ಸೈನ್ಯಕ್ಕೆ ಹೋಗಿ, ಬೆಲೆಗಳು ಮೇಲೇರಿ, ಸರಕಾರವು 1943ರಲ್ಲಿ ಹತ್ತಿಯ ಬಟ್ಟೆ ಮತ್ತು ನೂಲಿನ ನಿಯಂತ್ರಣದ ಆಜ್ಞೆಯನ್ನು ಹೊರಡಿಸಬೇಕಾಯಿತು. ‘ಕಂಟ್ರೋಲು’ ಎಂಬ ಮಾತು ಅಕ್ಕಿ ಸಕ್ಕರೆಗಳ ಜೊತೆಗೆ ಬಟ್ಟೆಗೂ ಅಂಟಿಕೊಂಡುದು ಆಗಲೇ. ಹಣವಿದ್ದರೂ ಬಟ್ಟೆ ದೊರೆಯದ ಆ ದಿನಗಳನ್ನು ಕಂಡವರು ಮುಂದೆ ಅಂಗಡಿಗಳು ತುಂಬಿ ತುಳುಕಿದ ಕಾಲದಲ್ಲಿಯೂ ಒಂದು ಪಂಚೆಯನ್ನು ಕೊಳ್ಳುವ ಮೊದಲು ಅದರ ಅಂತ್ಯಕಾಲದವರೆಗಿನ ಜಾತಕವನ್ನು ಹಾಕಿಯೇ ಕೊಳ್ಳುತ್ತಿದ್ದರು. ಉಟ್ಟು ಹಳತಾದ ಸೀರೆ ತೊಟ್ಟಿಲಿನ ಜೋಲಿಯಾಗಬೇಕು, ಜೋಲಿ ಹರಿದರೆ ಬಾಣಂತಿಯ ಮನೆಗೆ ಮೆತ್ತನೆಯ ಅರಿವೆಯಾಗಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿಯಾದರೆ ಹಲವು ಹಳೆಯ ಸೀರೆಗಳು ಪದರ ಪದರವಾಗಿ ಸೇರಿ ಕೌದಿಯಾಗಬೇಕು. ಎಷ್ಟು ದಿನ ಬಾಳುತ್ತದೆ, ಅನಂತರ ಏನಕ್ಕೆ ಬರುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಮಾತ್ರ ಬಣ್ಣದ ಪ್ರಸ್ತಾಪ ಬರುತ್ತಿದ್ದಿತು. ಇಂದು ನಾವು ಬಣ್ಣದಿಂದ ಆರಂಭಿಸುತ್ತೇವೆ; ಮೊದಲೆರಡು ಪ್ರಶ್ನೆಗಳನ್ನು ಕೇಳುವುದೇ ಇಲ್ಲ.

ಬಟ್ಟೆಯನ್ನು ಬಲ್ಲವರು ಅದನ್ನು ನೋಡುವ ಕ್ರಮವೇ ಬೇರೆ. ಇಂತಹ ಒಬ್ಬ ಹಿರಿಯರು ಇಳಕಲ್ಲಿನ ಸೀರೆಯೊಂದನ್ನು ಪರೀಕ್ಷಿಸುವುದನ್ನು ನೀವು ಹತ್ತಿರ ಕುಳಿತು ಗಮನಿಸಬೇಕು. ಅಂಗಡಿಯವನು ಸೀರೆಯನ್ನು ಗಾಳಿಯಲ್ಲಿ ಹಾರಿಸಿ ಹರಡಿದೊಡನೆ ಉಳಿದವರ ಕಣ್ಣು ಅದರ ಒಡಲಿನ ಬಣ್ಣದ ಮೇಲೆ ನೆಟ್ಟರೆ, ಅವರ ಕೈ ನೇರವಾಗಿ ಒಡಲೂ ಸೆರಗೂ ಕೂಡುವ ಎಡೆಗೆ ಹೋಗುತ್ತದೆ. ಆ ಒಂದು ಎಡೆಯಲ್ಲಿಯೇ ಇಳಕಲ್ಲಿನ ನೇಕಾರನ ಕೌಶಲ್ಯವೆಲ್ಲವೂ ಅಡಗಿದೆಯೆಂಬುದು ಅವರಿಗೆ ಗೊತ್ತು. ಬೇರೆ ಕಡೆಯ ಸೀರೆಗಳಲ್ಲಿ ಸಾಮಾನ್ಯವಾಗಿ ಒಂದೇ ಹಾಸಿನ ಮೇಲೆ ಒಡಲನ್ನೂ ಸೆರಗನ್ನೂ ನೇಯುತ್ತಾರೆ. ಇಳಕಲ್ಲಿನಲ್ಲಿ ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು ಬೇರೆಯಾಗಿದ್ದು, ಇವೆರಡರ ಎಳೆಎಳೆಗಳನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಕೂಡಿಸಿ ನೇಯ್ಗೆಗೆ ಇಳಿಯುತ್ತಾರೆ. ‘ಟೋಪ್ ತೆನಿ’ ಎಂದು ಅಲ್ಲಿಯವರು ಹೇಳುವ ಈ ಜೋಡಣೆಯಿಂದಾಗಿ ಹಾಸನ್ನು ಒಂದೊಂದು ಸೀರೆಗೂ ಬೇರೆಬೇರೆಯಾಗಿ ಅಣಿಮಾಡಬೇಕಾಗುತ್ತದೆ. ಥಾನುಗಟ್ಟಲೆ ನೇಯ್ದು ಕತ್ತರಿಸಿ ಮಾರುವ ಸೌಲಭ್ಯ ಅವರಿಗಿಲ್ಲ. ಕೆಂಪು ನೆಲದ ಮೇಲೆ ಬಿಳಿಯ ಎಳೆಯಲ್ಲಿ ಗೋಪುರಗಳು ಮೇಲೆದ್ದಿರುವ ಆ ಸೆರಗನ್ನು ಕಂಡು ಮರುಳಾಗುವವರು ಬಹಳ ಮಂದಿ. ಅದನ್ನು ತಿರುವಿ, ಹಿಂಭಾಗದಲ್ಲಿ ಜೋಡಣೆಯ ಗೆರೆಯನ್ನು ಬೆರಳ ತುದಿಯಿಂದ ಸವರಿ, ಇದು ಮಗ್ಗದ ಮೇಲೆ ಕೂಡಿದ ಸೆರಗೇ ಅಥವಾ ಅದರ ಅಣಕವನ್ನು ಯಂತ್ರದಲ್ಲಿ ಮುದ್ರಿಸಿದುದೇ ಎಂದು ಕ್ಷಣಮಾತ್ರದಲ್ಲಿ ಹೇಳಬಲ್ಲವರು ಕೆಲವರೇ.

ಅನಂತರ ಅವರು ಬಟ್ಟೆಯ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಹಿಸುಕಿ ಬಿಡುತ್ತಾರೆ. ಸುಕ್ಕು ಎಷ್ಟು ನಿಲ್ಲುತ್ತದೆ, ಗಂಜಿ ಎಷ್ಟು ಹಾಕಿದೆ ಎಂಬುದು ಅದರಿಂದ ತಿಳಿಯುತ್ತದೆ. ಬಟ್ಟೆಯನ್ನು ಬೆಳಕಿಗೆ ಎದುರಾಗಿ ಎತ್ತಿ ಹಿಡಿದು ನೇಯ್ಗೆ ಒತ್ತಾಗಿದೆಯೋ ಜಾಳಾಗಿದೆಯೋ ನೋಡುತ್ತಾರೆ. ಕೊನೆಯದಾಗಿ, ಅಂಗಡಿಯವನ ಮುಖ ಸ್ವಲ್ಪ ಕಳೆಗುಂದುವಂತೆ, ಸೀರೆಯನ್ನು ಎತ್ತಿಕೊಂಡು ಬಾಗಿಲಿಗೆ ಬಂದು ಹಗಲ ಬೆಳಕಿನಲ್ಲಿ ಅದರ ಬಣ್ಣವನ್ನು ಪರಾಮರ್ಶಿಸುತ್ತಾರೆ. ಇದನ್ನು ಹಳಬರ ಹಟವೆಂದು ನಗುವವರು, ಅದರಲ್ಲಿರುವ ಶಾಸ್ತ್ರವನ್ನು ಅರಿಯರು. ಸೂರ್ಯನ ಬೆಳಕಿನಲ್ಲಿ ಎಲ್ಲ ವರ್ಣಗಳೂ ಸಮಕಟ್ಟಾಗಿ ಬೆರೆತಿದ್ದರೆ, ಅಂಗಡಿಯ ಕೃತಕ ದೀಪಗಳಲ್ಲಿ ಕೆಲವು ವರ್ಣಗಳು ಹೆಚ್ಚಾಗಿಯೂ ಕೆಲವು ಕಡಿಮೆಯಾಗಿಯೂ ಇರುವುದರಿಂದ, ಒಂದು ಬೆಳಕಿನಲ್ಲಿ ಒಂದೇ ಬಣ್ಣವಾಗಿ ಕಂಡ ಸೀರೆಯೂ ರವಿಕೆಯೂ ಮತ್ತೊಂದು ಬೆಳಕಿನಲ್ಲಿ ಬೇರೆ ಬೇರೆ ಬಣ್ಣದವಾಗಿ ತೋರುವುದು ಸಹಜ. ಅಂಗಡಿಯಲ್ಲಿ ಮಾವಿನ ಚಿಗುರಿನ ಬಣ್ಣವಾಗಿದ್ದುದು ಮನೆಯ ಅಂಗಳದಲ್ಲಿ ಇಟ್ಟಿಗೆಯ ಬಣ್ಣವಾಗುವುದರಲ್ಲಿ ವರ್ತಕನ ಮೋಸವೇನೂ ಇಲ್ಲ. ಆದರೆ ಅವನು ಅಷ್ಟು ದೀಪಗಳನ್ನು ಧರ್ಮಾರ್ಥವಾಗಿ ಹಚ್ಚಿರುವನೆಂದೂ ನಾನು ಹೇಳಲಾರೆ.

ಇಷ್ಟು ತಿಳಿದವರಿಗೆ ಕೊಳ್ಳದೆ ಎದ್ದು ಬರುವುದಕ್ಕೆ ಸಂಕೋಚವಿಲ್ಲ. ತಿಳಿಯದವರಿಗೆ ಅದೇ ದೊಡ್ಡ ಸಂಕಟ. ನಲವತ್ತು ಸೀರೆ ಬಿಚ್ಚಿಸಿ, ಕಾಫಿ ಕುಡಿದು, ಏನೂ ಕೊಳ್ಳದೆ ಹೇಗೆ ಏಳುವುದು ಎಂಬ ದಾಕ್ಷಿಣ್ಯದಿಂದಲೇ ಮಾರಾಟವಾಗುವ ಬಟ್ಟೆ ನಮ್ಮ ದೇಶದಲ್ಲಿ ಕಡಿಮೆಯೇನಲ್ಲ. ಬೆಳಗಿನ ಬೋಣಿಯ ಹೊತ್ತಿನಲ್ಲಿ ಹೋದವರ ಪಾಡು ಇನ್ನೂ ಕಷ್ಟ. ಮೊದಲ ಗಿರಾಕಿ ಬರಿಗೈಯಲ್ಲಿ ಹೋದರೆ ಆ ದಿನದ ವ್ಯಾಪಾರ ಕೆಡುತ್ತದೆಂಬ ನಂಬಿಕೆಯ ಭಾರವನ್ನು ಗಿರಾಕಿಯೇ ಹೊರಬೇಕು. ಅಂಗಡಿಗೆ ಹೋಗುವುದೆಂದರೆ ತಲೆನೋವು ಎನ್ನುವ ಅನೇಕರನ್ನು ಕೆದಕಿ ಕೇಳಿದರೆ, ಅವರಿಗೆ ಬಟ್ಟೆಯ ಮೇಲೆ ದ್ವೇಷವಿರುವುದಿಲ್ಲ; ‘ಬೇಡ’ ಎನ್ನುವುದು ಅವರಿಗೆ ಬಾರದು, ಅಷ್ಟೇ.

ಇಲ್ಲಿ ಒಂದು ಮಾತು, ರವಿಕೆಯ ಕಣವನ್ನು ಕುರಿತು. ಅರಿಶಿನ ಕುಂಕುಮಕ್ಕೆ ಬಂದವರಿಗೂ, ಉಡಿ ತುಂಬುವಾಗಲೂ, ಗೃಹಪ್ರವೇಶದಲ್ಲಿಯೂ, ಬಾಗಿನದೊಳಗೂ ಇಟ್ಟು ಕೊಡುವ ಈ ಮುಕ್ಕಾಲು ಗಜದ ತುಂಡನ್ನು ಯಾರೂ ಹೊಲಿಸುವುದಿಲ್ಲವೆಂಬುದು ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು. ಅದು ಮಲ್ಲೇಶ್ವರದಿಂದ ಹೊರಟು ಜಯನಗರವನ್ನು ಹಾದು, ಒಂದು ಶ್ರಾವಣವನ್ನು ತುಮಕೂರಿನಲ್ಲಿ ಕಳೆದು, ಕೊಟ್ಟವರ ಬೀರುವಿಗೇ ಮರಳಿ ಬಂದು ಸೇರಿದ ದೃಷ್ಟಾಂತಗಳನ್ನು ಗೃಹಿಣಿಯರು ನಗುತ್ತ ಹೇಳುತ್ತಾರೆ. ಉತ್ತರ ಕರ್ನಾಟಕದಲ್ಲಿ ಗುಳೇದಗುಡ್ಡದ ಖಣವನ್ನು ಇಳಕಲ್ಲಿನ ಸೀರೆಗೆ ಜೊತೆಯಾಗಿ ನಿಜವಾಗಿ ತೊಡಲೆಂದೇ ಕೊಡುತ್ತಿದ್ದರು, ತೊಡುತ್ತಲೂ ಇದ್ದರು. ಉಳಿದ ಕಡೆ ಈ ತುಂಡು ಉಡುಪಿನ ವರ್ಗದಿಂದ ನಾಣ್ಯದ ವರ್ಗಕ್ಕೆ ಯಾವಾಗಲೋ ದಾಟಿಹೋಗಿದೆ. ಕೊಳ್ಳುವಾಗ ಯಾರೂ ಆರಿಸದ, ಯಾರೂ ಚಿಂತಿಸದ ಏಕೈಕ ಬಟ್ಟೆಯೆಂದರೆ ಬಹುಶಃ ಇದೇ. ಡಜನ್ ಲೆಕ್ಕದಲ್ಲಿ ಕಟ್ಟಿಸಿಕೊಂಡು ಬರುತ್ತಾರೆ, ಮನಸ್ಸಿಗೆ ಯಾವ ಆಯಾಸವೂ ಆಗುವುದಿಲ್ಲ.

ಖಾದಿಯನ್ನು ಉಡುವವರ ಮನೋಧರ್ಮ ಪ್ರತ್ಯೇಕವಾದುದು. 1921ರ ಸೆಪ್ಟೆಂಬರ್ 22ರಂದು ಗಾಂಧೀಜಿ ಮಧುರೆಯಲ್ಲಿ ಅಂಗಿ ಟೋಪಿಗಳನ್ನು ತೊರೆದು ತುಂಡುಪಂಚೆಯನ್ನು ಉಟ್ಟಂದಿನಿಂದ ಬಟ್ಟೆ ಕೊಳ್ಳುವುದು ಅನೇಕರ ಪಾಲಿಗೆ ರುಚಿಯ ವಿಷಯವಾಗದೆ ವ್ರತದ ವಿಷಯವಾಯಿತು. ಅಕ್ಟೋಬರ್ ತಿಂಗಳಿನಲ್ಲಿ ಜಯಂತಿಯ ನಿಮಿತ್ತ ಸೋಡಿ ಬಿಟ್ಟಾಗ ಖಾದಿ ಭಂಡಾರಕ್ಕೆ ಹೋಗಿ, ವರ್ಷಕ್ಕಾಗುವಷ್ಟು ಬಿಳಿಯ ಬಟ್ಟೆಯನ್ನು ಅಳೆಯಿಸಿಕೊಂಡು, ಹಳೆಯ ಅಳತೆಗೇ ಹೊಲಿಸಿ, ಮತ್ತೆ ಮುಂದಿನ ಅಕ್ಟೋಬರಿನವರೆಗೆ ಆ ಚಿಂತೆಯನ್ನೇ ಬಿಟ್ಟಿರುವ ಹಿರಿಯರು ಇಂದಿಗೂ ಇದ್ದಾರೆ. ಆಯ್ಕೆಯಿಂದ ಬಿಡುಗಡೆ ಹೊಂದುವ ಮಾರ್ಗಗಳಲ್ಲಿ ಇದಕ್ಕಿಂತ ಘನವಾದುದನ್ನು ನಾನು ಕಂಡಿಲ್ಲ. ಒಂದೇ ಬಗೆಯ ನೀಲಿ ಷರ್ಟುಗಳನ್ನು ಅರ್ಧ ಡಜನ್ ಕೊಂಡು ಇಟ್ಟುಕೊಳ್ಳುವ ಇಂದಿನ ಕಂಪ್ಯೂಟರ್ ಎಂಜಿನಿಯರು ಮಾಡುವುದೂ ಅದನ್ನೇ, ವ್ರತವೊಂದು ಇಲ್ಲ.

ಸಿದ್ಧ ಉಡುಪುಗಳು ಬಂದ ಮೇಲೆ ಜವಳಿ ಅಂಗಡಿಯ ನಡವಳಿಕೆಯೇ ಬುಡಮೇಲಾಯಿತು. ಮೊದಲು ಬಟ್ಟೆಯನ್ನು ಕೊಂಡು ಅನಂತರ ಅದನ್ನು ದೇಹಕ್ಕೆ ತಕ್ಕಂತೆ ಹೊಲಿಸುತ್ತಿದ್ದೆವು. ಈಗ ಹೊಲಿದ ಉಡುಪು ಮೊದಲೇ ಸಿದ್ಧವಾಗಿದ್ದು, ಅದಕ್ಕೆ ತಕ್ಕ ದೇಹ ನಮ್ಮದಾಗಿದೆಯೇ ಇಲ್ಲವೇ ಎಂದು ಸಣ್ಣ ಕೋಣೆಯೊಂದರಲ್ಲಿ ಪರೀಕ್ಷೆಗೆ ನಿಲ್ಲುತ್ತೇವೆ. ಬಟ್ಟೆ ಕೊಳ್ಳುವುದನ್ನು ಕುರಿತ ಆಧುನಿಕರ ಅಳುಕಿನ ಮೂಲಸ್ಥಾನ ಈ ಟ್ರಯಲ್ ರೂಮು ಎಂದರೆ ತಪ್ಪಾಗಲಾರದು. ತಲೆಯ ನೆತ್ತಿಯಿಂದ ನೇರವಾಗಿ ಸುರಿಯುವ ಬೆಳಕು, ಮೂರು ಕಡೆಯೂ ಕನ್ನಡಿ, ಹೊರಗೆ ಬಾಗಿಲು ತಟ್ಟುವ ಮುಂದಿನ ಗಿರಾಕಿ, ಕೈಯಲ್ಲಿ ಹೊಟ್ಟೆಗೆ ಸರಿಹೋದರೆ ತೋಳಿಗೆ ಉದ್ದವಾಗುವ, ತೋಳಿಗೆ ಸರಿಹೋದರೆ ಹೊಟ್ಟೆಗೆ ಸಾಲದ ಅಂಗಿ. ದರ್ಜಿಯಾಗಿದ್ದರೆ ಟೇಪನ್ನು ಹಿಡಿದು, ಏರಿದ ಅಂಗುಲಗಳನ್ನು ನಮ್ಮ ಕಿವಿಗೂ ಬೀಳದಷ್ಟು ಮೆಲ್ಲಗೆ ಹುಡುಗನಿಗೆ ಹೇಳಿ ಬರೆಯಿಸಿ, ನಮ್ಮ ಮಾನವನ್ನು ಕಾಯುತ್ತಿದ್ದನು. ಹಬ್ಬದ ದಿನಕ್ಕೆ ಕೊಡುತ್ತೇನೆಂದು ಹೇಳಿ ಹಬ್ಬದ ಮರುದಿನ ಕೊಡುತ್ತಿದ್ದನೆಂಬುದು ಅವನ ಮೇಲಿನ ಏಕಮಾತ್ರ ದೂರು. ಅಂಗಿಯ ಕತ್ತಿನ ಚೀಟಿಗೆ ಆ ದಾಕ್ಷಿಣ್ಯವಿಲ್ಲ.

ಈ ಚೀಟಿಗಳಲ್ಲಿ ಬರೆದಿರುವ ಅಳತೆಗಳು ನಮ್ಮ ಜನರ ದೇಹವನ್ನು ಅಳೆದು ಮಾಡಿದವಲ್ಲವೆಂಬ ಸಂಗತಿ ತಿಳಿದಿದ್ದರೆ ಎಷ್ಟೋ ಮಂದಿ ಆ ಕೋಣೆಯಿಂದ ತಲೆಯೆತ್ತಿಕೊಂಡು ಹೊರಗೆ ಬರುತ್ತಿದ್ದರು. ಸಿದ್ಧ ಉಡುಪಿನ ಉದ್ಯಮವು ಇಷ್ಟು ಕಾಲವೂ ಬಹುಮಟ್ಟಿಗೆ ಅಮೆರಿಕ ಮತ್ತು ಬ್ರಿಟನ್ನುಗಳ ಅಳತೆಯ ಪಟ್ಟಿಗಳನ್ನೇ ಅಲ್ಪಸ್ವಲ್ಪ ತಿದ್ದಿ ಬಳಸುತ್ತ ಬಂದಿದೆ. ಭಾರತೀಯರ ಮೈಕಟ್ಟಿಗೆ ಹೊಂದುವ ಪ್ರಮಾಣಗಳನ್ನು ನಿರ್ಧರಿಸುವುದಕ್ಕಾಗಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು, ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 15ರಿಂದ 65 ವರ್ಷದೊಳಗಿನ 25,000 ಮಂದಿಯ ದೇಹಗಳನ್ನು ತ್ರಿಮಿತಿಯ ಸ್ಕ್ಯಾನರುಗಳಿಂದ ಅಳೆಯುವ ಯೋಜನೆಯೊಂದನ್ನು ಕೈಗೊಂಡಿರುವುದು ಪ್ರಕಟವಾದದ್ದು 2018ರಲ್ಲಿ. ಅಂದರೆ ಪ್ಯಾಂಟು ಷರ್ಟುಗಳು ನಮ್ಮ ಮೈಯೇರಿ ತಲೆಮಾರುಗಳೇ ಉರುಳಿದ ಮೇಲೆ. ಸೀರೆಗೂ ಪಂಚೆಗೂ ಈ ತೊಡಕೇ ಇರಲಿಲ್ಲ. ಐದೂವರೆ ಮೀಟರಿನ ಒಂದೇ ಸೀರೆ ತಾಯಿಗೂ ಮಗಳಿಗೂ ಸೊಸೆಗೂ ಸರಿಹೋಗುತ್ತದೆ. ಹತ್ತು ವರ್ಷದಲ್ಲಿ ಉಡುವವರ ಸುತ್ತಳತೆ ಏನಾದರೂ ಆಗಲಿ, ನಿರಿಗೆಯಲ್ಲಿ ಒಂದೆರಡು ಹೆಚ್ಚು ಕಡಿಮೆಯಾದರೆ ಮುಗಿಯಿತು. ಹೆಂಗಸರು ಸೀರೆಯ ಅಂಗಡಿಯಲ್ಲಿ ತೋರುವ ಪ್ರಸನ್ನತೆಯನ್ನು ಸಿದ್ಧ ಉಡುಪಿನ ಅಂಗಡಿಯಲ್ಲಿ ತೋರದಿರುವುದಕ್ಕೆ ಇದೂ ಒಂದು ಕಾರಣವಿರಬೇಕು: ಅಲ್ಲಿ ಅವರು ಬಟ್ಟೆಯನ್ನು ಪರೀಕ್ಷಿಸುತ್ತಾರೆ, ಇಲ್ಲಿ ಬಟ್ಟೆಯೇ ಅವರನ್ನು ಪರೀಕ್ಷಿಸುತ್ತದೆ.

ಬೆಲೆಯ ವಿಚಾರಕ್ಕೆ ಬಂದರೆ, ಚೌಕಾಸಿಯನ್ನು ಕೆಲವರು ಕಲೆಯೆಂದೂ ಕೆಲವರು ಅವಮಾನವೆಂದೂ ಭಾವಿಸುತ್ತಾರೆ. ಬರೆದ ಬೆಲೆಗೇ ಮಾರಬೇಕು, ಒಪ್ಪದಿದ್ದರೆ ಹಿಂದಕ್ಕೆ ತೆಗೆದುಕೊಳ್ಳಬೇಕು ಎಂಬ ಪದ್ಧತಿಯನ್ನು ಜನಪ್ರಿಯಗೊಳಿಸಿದವರಲ್ಲಿ 1852ರಿಂದ ಪ್ಯಾರಿಸ್ಸಿನ ‘ಬಾನ್ ಮಾರ್ಷೆ’ಯನ್ನು ಬೆಳೆಸಿದ ಆರಿಸ್ಟೀಡ್ ಬೂಸಿಕೋ ಪ್ರಮುಖನು. ಆ ಪದ್ಧತಿ ನಮ್ಮಲ್ಲಿಗೆ ‘ಒಂದೇ ಮಾತು’ ಎಂಬ ಫಲಕವಾಗಿ ಬಂದರೂ, ಅದನ್ನು ಓದಿದ ಮೇಲೂ ‘ಸರಿಯಾಗಿ ಹೇಳಿ’ ಎಂದು ಕೇಳುವ ಹಕ್ಕನ್ನು ನಮ್ಮ ಗೃಹಿಣಿಯರು ಬಿಟ್ಟುಕೊಟ್ಟಿಲ್ಲ. ಇನ್ನು ಆಷಾಢದ ರಿಯಾಯಿತಿಯಂತೂ ವರ್ತಕರ ಬುದ್ಧಿಗೆ ಸಾಕ್ಷಿ. ಹಳೆಯ ಮೈಸೂರಿನ ಕಡೆ ಆಷಾಢದಲ್ಲಿ ಶುಭಕಾರ್ಯಗಳಿಲ್ಲ, ಹೊಸಬಟ್ಟೆಗೆ ನೆಪವಿಲ್ಲ. ನೊಣ ಹೊಡೆಯುತ್ತ ಕೂರಬೇಕಾದ ಆ ತಿಂಗಳನ್ನೇ ಅವರು ಉಳಿದ ಸರಕನ್ನು ಖಾಲಿ ಮಾಡುವ ಉತ್ಸವವನ್ನಾಗಿ ಮಾರ್ಪಡಿಸಿ, ಅಶುಭವೆನಿಸಿದ ಮಾಸಕ್ಕೂ ಒಂದು ನೂಕುನುಗ್ಗಲನ್ನು ಕರುಣಿಸಿದರು. ರಿಯಾಯಿತಿಯಲ್ಲಿ ಕೊಂಡವನು ತಾನು ಖರ್ಚು ಮಾಡಿದ ಹಣವನ್ನು ಹೇಳುವುದಿಲ್ಲ, ಉಳಿಸಿದ ಹಣವನ್ನು ಮಾತ್ರ ಹೇಳುತ್ತಾನೆ ಎಂಬುದನ್ನು ನೀವೂ ಗಮನಿಸಿರಬಹುದು.

ರಿಯಾಯಿತಿಗಾಗಿ ನಿಲ್ಲುವ ಸಾಲು ಒಂದಾದರೆ, ಪೂರ್ಣ ಬೆಲೆ ತೆರುವುದಕ್ಕಾಗಿಯೇ ನಿಲ್ಲುವ ಸಾಲು ಇನ್ನೊಂದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳೊಡನೆ ಆರಂಭವಾಗಿ, 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿದ ಮೈಸೂರಿನ ರೇಷ್ಮೆ ಕಾರ್ಖಾನೆಯ ಸೀರೆಗಳಿಗಾಗಿ ಇತ್ತೀಚಿನ ವರ್ಷಗಳಲ್ಲಿ ಮಳಿಗೆಯ ಬಾಗಿಲು ತೆರೆಯುವ ಎಷ್ಟೋ ಮೊದಲೇ, ನಸುಕಿನಲ್ಲಿಯೇ, ಹೆಂಗಸರು ಸರದಿ ನಿಲ್ಲುತ್ತಿರುವ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಿದ್ದೇವೆ. ತಿರುಮಕೂಡಲು ನರಸೀಪುರದಲ್ಲಿ ನೂಲು ತೆಗೆದು, ಮೈಸೂರು ಚನ್ನಪಟ್ಟಣಗಳಲ್ಲಿ ನೇಯ್ದು, ಬೆಳ್ಳಿಯೆಳೆಗೆ ಚಿನ್ನದ ಲೇಪವಿರುವ ಜರಿಯನ್ನು ಕೂಡಿಸುವ ಆ ಸೀರೆಯಲ್ಲಿ ಕಣ್ಣು ಕುಕ್ಕುವ ಚಿತ್ತಾರವೇನೂ ಇರುವುದಿಲ್ಲ. ನೇಯ್ಗೆಯ ನುಣುಪು, ಬಣ್ಣದ ಗಾಂಭೀರ್ಯ, ಮೈಮೇಲೆ ಬಿದ್ದೊಡನೆ ಹರಿದು ನಿಲ್ಲುವ ಅದರ ಇಳಿತ, ಇಷ್ಟೇ. ಪ್ರತಿಯೊಂದು ಸೀರೆಗೂ ಅದರದೇ ಗುರುತಿನ ಸಂಖ್ಯೆಯನ್ನು ಹೆಣೆದಿರುತ್ತಾರೆ. ಬೇಡಿಕೆಗೆ ಸಾಕಾಗುವಷ್ಟು ನೇಯಲಾಗದಿರುವುದು ಸರದಿಗೆ ಕಾರಣವಾದರೂ, ಸರದಿಯೇ ಮತ್ತೆ ಬೇಡಿಕೆಗೆ ಕಾರಣವಾಗುತ್ತಿರುವುದು ಮನುಷ್ಯಸ್ವಭಾವದ ಒಂದು ವಿನೋದ. ಹಾಗೆಂದು ಆ ಸಾಲಿನಲ್ಲಿ ನಿಂತವರನ್ನು ನಾನು ಹಾಸ್ಯ ಮಾಡಲಾರೆ. ಮೋಸವಿಲ್ಲವೆಂಬ ಒಂದು ಭರವಸೆಗಾಗಿ ಜನ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಾರೆ. ಉಳಿದ ಅಂಗಡಿಗಳಲ್ಲಿ ಆ ಭರವಸೆ ಎಷ್ಟು ದುರ್ಲಭವಾಗಿದೆಯೆಂಬುದನ್ನು ಆ ಸಾಲಿನ ಉದ್ದವೇ ಹೇಳುತ್ತದೆ.

ಮನೆಯಲ್ಲಿಯೇ ಕುಳಿತು ಮೊಬೈಲಿನಲ್ಲಿ ಬಟ್ಟೆ ಕೊಳ್ಳುವ ಅನುಕೂಲವು ಬಾಗಿಲ ಬಳಿಯ ಕುರ್ಚಿಯವರಿಗೆ ವರವಾಗಿ ಬಂದಿತು. ಬೆಂಗಳೂರಿನಲ್ಲಿಯೇ 2007ರಲ್ಲಿ ಹುಟ್ಟಿದ ಮಿಂತ್ರಾ ಮೊದಲು ಹೆಸರು ಮುದ್ರಿಸಿದ ಉಡುಗೊರೆಗಳನ್ನು ಮಾರುತ್ತಿದ್ದು, ಅನಂತರ ಉಡುಪಿನ ಕಡೆಗೆ ತಿರುಗಿತು. ಯಾರ ಮುಖವನ್ನೂ ನೋಡಬೇಕಾಗಿಲ್ಲ, ಬೇಡವೆನ್ನಲು ದಾಕ್ಷಿಣ್ಯವಿಲ್ಲ, ಸರಿಹೋಗದಿದ್ದರೆ ಹಿಂದಕ್ಕೆ ಕಳುಹಿಸಬಹುದು. ಇವೆಲ್ಲ ನಿಜವಾದ ಸೌಕರ್ಯಗಳು, ವಿಶೇಷವಾಗಿ ಸಣ್ಣ ಊರುಗಳಲ್ಲಿ ಇರುವವರಿಗೂ, ಮನೆಬಿಟ್ಟು ಹೊರಡಲಾಗದವರಿಗೂ. ಆದರೆ ಬಟ್ಟೆಯನ್ನು ಅರಿಯುವ ಇಂದ್ರಿಯ ಕಣ್ಣಿಗಿಂತ ಮಿಗಿಲಾಗಿ ಬೆರಳು. ಪರದೆಯ ಮೇಲೆ ಬೆರಳಿಗೆ ಸಿಕ್ಕುವುದು ಗಾಜೊಂದೇ. ಚಿತ್ರದಲ್ಲಿ ಹತ್ತಿಯೂ ಪಾಲಿಯೆಸ್ಟರೂ ಒಂದೇ ಬಗೆಯಾಗಿ ಹೊಳೆಯುತ್ತವೆ. ಇದರಿಂದಾಗಿ ಒಂದು ತಲೆಮಾರು ಬಟ್ಟೆಯನ್ನು ಮುಟ್ಟದೆಯೇ ಕೊಳ್ಳುವುದನ್ನು ಕಲಿತು, ಮುಟ್ಟಿದರೂ ಏನನ್ನು ತಿಳಿಯಬೇಕೆಂಬುದನ್ನು ಮರೆಯುತ್ತಿದೆಯೆಂದು ನನಗೆ ತೋರುತ್ತದೆ. ನಡುರಾತ್ರಿ ನಿದ್ದೆ ಬಾರದೆ ಕೊಂಡ ಅಂಗಿ ಮೂರನೆಯ ದಿನ ಮನೆಯ ಬಾಗಿಲಿಗೆ ಬಂದಾಗ, ಇದನ್ನು ಏಕೆ ಕೊಂಡೆನೆಂದು ಕೊಂಡವರಿಗೇ ಹೊಳೆಯದಿರುವುದು ಈಗ ಅಪರೂಪದ ಅನುಭವವೇನೂ ಅಲ್ಲ.

ಆದುದರಿಂದ ಜವಳಿಯ ಅಂಗಡಿಯನ್ನು ಕಂಡರೆ ಬೇಸರಪಡುವ ಓದುಗರಲ್ಲಿ, ಅದರಲ್ಲಿಯೂ ಬಾಗಿಲ ಬಳಿ ಕೂರುವ ಮಿತ್ರರಲ್ಲಿ, ನನ್ನದೊಂದು ವಿಜ್ಞಾಪನೆಯಿದೆ. ಮುಂದಿನ ಸಲ ಹೋದಾಗ ಕುರ್ಚಿಯನ್ನು ಬಿಟ್ಟೆದ್ದು ಗಾದಿಯ ಬಳಿಗೆ ಬಂದು, ಬೆಲೆಯನ್ನು ಕೇಳುವ ಮೊದಲು ನೂಲು ಯಾವುದು, ನೇಯ್ದುದು ಎಲ್ಲಿ, ಕೈಮಗ್ಗದ್ದೇ ಯಂತ್ರದ್ದೇ ಎಂಬ ಪ್ರಶ್ನೆಗಳನ್ನು ಕೇಳಿರಿ. ನಿಜವಾದ ರೇಷ್ಮೆಯ ಎಳೆಯನ್ನು ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಿನಲ್ಲಿ ಪುಡಿಯಾಗುವ ಕರಿಬೂದಿ ಉಳಿಯುತ್ತದೆ. ಪಾಲಿಯೆಸ್ಟರಿನಂತಹ ಕೃತಕ ನೂಲು ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಅಂಚಿನ ಒಂದೆಳೆಯನ್ನು ಸುಟ್ಟು ತೋರಿಸಲು ನಂಬಿಗಸ್ತ ವರ್ತಕನು ಹಿಂದೆಗೆಯುವುದಿಲ್ಲ. ಅಷ್ಟು ಶ್ರಮ ಬೇಡವೆನ್ನುವವರಿಗೆ ಬೆಂಗಳೂರಿನಲ್ಲಿರುವ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಜಾರಿಗೆ ಬಂದ ‘ಸಿಲ್ಕ್ ಮಾರ್ಕ್’ ಚೀಟಿಯೂ, 2006ರಿಂದ ಇರುವ ‘ಹ್ಯಾಂಡ್‌ಲೂಮ್ ಮಾರ್ಕ್’ ಚೀಟಿಯೂ ಇವೆ. ಅವುಗಳನ್ನು ಕೇಳಿ ನೋಡಿ ಕೊಳ್ಳುವವರು ಇನ್ನೂ ಕಡಿಮೆ. ಕೇಳುವ ಗಿರಾಕಿಗಳು ಹೆಚ್ಚಿದ ಬೀದಿಯಲ್ಲಿ ಸುಳ್ಳು ಹೇಳಿ ಮಾರುವ ಅಂಗಡಿ ಬಹುಕಾಲ ನಿಲ್ಲಲಾರದು.